ಸೋಮವಾರದ ಚಕ್ರ, ಮಂಗಳವಾರದ ರೇಡಿಯೋ

ಆಗುವುದಿಲ್ಲ ಎಂದವರು ಮೂವರು. ಮೊದಲನೆಯವರು ನಮ್ಮ ಹೆಡ್‌ಮಾಸ್ಟರು. ಎರಡನೆಯವನು ಚಾಮರಾಜನಗರದ ಸ್ಕೂಲ್ ಇನ್ಸ್‌ಪೆಕ್ಟರ ರೇಂಜ್ ಕಚೇರಿಯ ಗುಮಾಸ್ತೆ. ರೇಡಿಯೋ ಪೆಟ್ಟಿಗೆ ನನ್ನ ವಶಕ್ಕೆ ಕೊಟ್ಟು ರುಜು ಹಾಕಿಸಿಕೊಳ್ಳುವಾಗಲೇ, "ಹಂಗಳಕ್ಕೆ ಕರೆಂಟು ಬರೋದು ನಮ್ಮ ಮೊಮ್ಮಕ್ಕಳ ಕಾಲಕ್ಕೆ. ಹೊತ್ಕೊಂಡು ಹೋಗಿ, ಹಾಗೇ ಹೊತ್ಕೊಂಡು ಬನ್ನಿ" ಅಂದ. ಮೂರನೆಯವನು ನಮ್ಮಪ್ಪ. ಹರದನಹಳ್ಳಿಯಲ್ಲಿ ಬೇರೆಯವರ ಹೊಲ ಉತ್ತು ನನ್ನನ್ನು ಬಿ.ಎಸ್ಸಿ. ಓದಿಸಿದವನು. ಪೆಟ್ಟಿಗೆ ಹೊತ್ತುಕೊಂಡೇ ಮನೆಗೆ ಹೋಗಿ ತೋರಿಸಿದರೆ ಅವನು ಅದನ್ನು ನೋಡಲಿಲ್ಲ, ನನ್ನ ಕೈ ನೋಡಿದ. "ಪೆನ್ನು ಇಡ್ಕಂಡ ಕೈ ಕಣ್ಲಾ ಇದು. ಪಾಠ ಯೋಳ್ಕಂಡಿರು. ಈ ಪೆಟ್ಗೆ ಗಿಟ್ಗೆ ಎಲ್ಲಾ ನಿನ್ನ ಕೈಲಿ ಆಗೋ ಬಾಳಲ್ಲ" ಅಂದ.

ನಾನಾಗ ಹಂಗಳದ ಮಿಡ್ಲ್ ಸ್ಕೂಲಿನಲ್ಲಿ ಸಹಾಯಕ ಮೇಷ್ಟ್ರು. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಬಿಟ್ಟು ರುಜು ಹಾಕಿದವನು ನಾನೇ ಮೊದಲಿಗ. ಡಿಗ್ರಿ ಪಡೆದವನು ಹೈಸ್ಕೂಲಿಗೆ ಹೋಗದೆ ಇಲ್ಲಿಗೇಕೆ ಬಂದ ಎಂದು ಊರಲ್ಲಿ ಮಾತಿತ್ತು. ಹೈಸ್ಕೂಲಿನಲ್ಲಿ ಜಾಗ ಖಾಲಿ ಇರಲಿಲ್ಲ, ಅಷ್ಟೇ.

ರೇಡಿಯೋ ಕೊಟ್ಟದ್ದು ಆರು ತಿಂಗಳ ಪರೀಕ್ಷೆಗೆ. ಬೆಂಗಳೂರು ಸ್ಟೇಷನ್ನಿನಿಂದ ಮಂಗಳವಾರ ಮಧ್ಯಾಹ್ನ ಎರಡೂವರೆಗೆ ಮಿಡ್ಲ್ ಸ್ಕೂಲಿನ ಮಕ್ಕಳಿಗೆಂದು ಅರ್ಧ ಗಂಟೆ ಪಾಠ ಬರುತ್ತಿತ್ತು. ಪ್ರತಿ ಪಾಠವನ್ನೂ ಮಕ್ಕಳಿಗೆ ಕೇಳಿಸಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು. ಕೊನೆಯಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ಬಂದು, ಮಕ್ಕಳ ಜೊತೆ ಕೂತು ಒಂದು ಪಾಠ ಕೇಳಿ, ಪ್ರಶ್ನೆ ಹಾಕುತ್ತಾರೆ. ಸರಿಕಂಡರೆ ಸೆಟ್ಟು ಶಾಲೆಗೇ ಉಳಿಯುತ್ತದೆ, ಅದಕ್ಕೊಂದು ಸರ್ಟಿಫಿಕೇಟು ಸಿಗುತ್ತದೆ. ಇಲ್ಲವಾದರೆ ಸೆಟ್ಟು ಕರೆಂಟಿರುವ ಪಟ್ಟಣದ ಶಾಲೆಗೆ ಹೋಗುತ್ತದೆ.

ನನಗೆ ಅದು ಹೋಗಬಾರದಿತ್ತು. ನಾನು ಓದುವಾಗ ಥರ್ಮಾಮೀಟರು ಎಂದರೆ ಬೋರ್ಡಿನ ಮೇಲೆ ಸೀಮೆಸುಣ್ಣದ ಒಂದು ಗೆರೆ. ನಿಜವಾದದ್ದನ್ನು ಮುಟ್ಟಿದ್ದು ಮೈಸೂರಿನ ಕಾಲೇಜಿನಲ್ಲಿ, ಅದೂ ಪಕ್ಕದವನು "ಹಿಡಿಯೋದು ಹಾಗಲ್ಲಯ್ಯ" ಎಂದು ನಕ್ಕ ಮೇಲೆ. ಹಂಗಳದ ಮಕ್ಕಳನ್ನು ನೋಡಿ ಯಾರೂ ಹಾಗೆ ನಗಬಾರದು ಎಂಬ ಹಟ ನನ್ನದು.

ಶಾಲೆಯ ಎರಡು ತುದಿಗೆ ಬಿದಿರು ನೆಟ್ಟು ನಡುವೆ ಏರಿಯಲ್ ತಂತಿ ಎಳೆದೆ. ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ತಾಮ್ರದ ತಗಡು ಹೂತು ಅರ್ತ್ ಕೊಟ್ಟೆ. ಮೊದಲ ಮಂಗಳವಾರ ಪೆಟ್ಟಿಗೆ ಗೊರಗುಟ್ಟಿ, ಕೆಮ್ಮಿ, ಒಬ್ಬ ಹೆಂಗಸಿನ ದನಿಯಲ್ಲಿ "ಮಕ್ಕಳೇ" ಎಂದಿತು. ಏಳನೇ ಕ್ಲಾಸಿನವರೆಲ್ಲ ಎದ್ದು ನಿಂತು ನಮಸ್ಕಾರ ಹೇಳಿದರು. ಬಾಗಿಲಲ್ಲಿ ನಿಂತಿದ್ದ ಹೆಡ್‌ಮಾಸ್ಟರು ಮಾತ್ರ, "ಬ್ಯಾಟರಿ ಎಷ್ಟು ದಿನ ಬರುತ್ತೆ?" ಎಂದು ಕೇಳಿ ಹೋದರು. ಅವರು ಕೇಳಿದ್ದು ಸರಿಯಾದ ಪ್ರಶ್ನೆ.

ಆ ಸೆಟ್ಟು ಆರು ವೋಲ್ಟಿನ ಬ್ಯಾಟರಿಯ ಮೇಲೆ ನಡೆಯುವಂಥದು. ಕಾರಿಗೆ ಹಾಕುತ್ತಾರಲ್ಲ, ಆ ಥರದ್ದು. ಒಂದು ತಿಂಗಳಿಗೆ ಅದರ ಜೀವ ಇಳಿಯಿತು. ಚಾರ್ಜು ಮಾಡಿಸಬೇಕೆಂದರೆ ಗುಂಡ್ಲುಪೇಟೆಗೇ ಹೋಗಬೇಕು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗುವುದು, ಎರಡು ದಿನ ಬಿಟ್ಟು ತರುವುದು. ಎರಡು ಸಲ ಹೀಗೆ ನಡೆಯಿತು. ಮೂರನೇ ಸಲ ತಿರುವಿನಲ್ಲಿ ಬಸ್ಸು ಓಲಾಡಿ ಆಸಿಡ್ಡು ತುಳುಕಿ ಪಕ್ಕದವರ ಪಂಚೆಯ ಮೇಲೆ ಬಿತ್ತು. ಅವರು ಮಗಳಿಗೆ ಗಂಡು ನೋಡಲು ಹೊರಟಿದ್ದವರು. ಗುಂಡ್ಲುಪೇಟೆಯಲ್ಲಿ ಇಳಿಯುವ ಹೊತ್ತಿಗೆ ಪಂಚೆ ಜರಡಿಯಾಗಿತ್ತು. ನಾನು ನನ್ನ ಪಂಚೆ ಬಿಚ್ಚಿ ಅವರಿಗೆ ಕೊಟ್ಟು, ಟವೆಲ್ ಸುತ್ತಿಕೊಂಡು ಬ್ಯಾಟರಿ ಹಿಡಿದು ಪೇಟೆಯಲ್ಲಿ ನಡೆದೆ. ಅಂದಿನಿಂದ ಕಂಡಕ್ಟರು ನನ್ನನ್ನು ಕಂಡ ಕೂಡಲೆ ಮೊದಲು ಕೈ ನೋಡುತ್ತಿದ್ದ, ಆಮೇಲೆ ಬಾಗಿಲು ಬಿಡುತ್ತಿದ್ದ. ಬ್ಯಾಟರಿ ಬಸ್ಸು ಹತ್ತುವುದು ಅಲ್ಲಿಗೆ ನಿಂತಿತು.

ಹೆಡ್‌ಮಾಸ್ಟರು ಸೆಟ್ಟು ವಾಪಸು ಕೊಡುವ ಕಾಗದ ಬರೆದಿಟ್ಟರು. ರುಜು ಹಾಕಲು ಒಂದು ವಾರ ತಡೆಯಿರಿ ಎಂದು ಬೇಡಿಕೊಂಡೆ.

ಗುಂಡ್ಲುಪೇಟೆಯಲ್ಲಿ ಬ್ಯಾಟರಿ ಚಾರ್ಜು ಮಾಡುತ್ತಿದ್ದವನು ಮರದ ಲಾರಿಗಳ ಮೆಕ್ಯಾನಿಕ್. ಮಲಯಾಳದ ಕಡೆಯವನು, ನನ್ನನ್ನು "ಮಾಷೇ" ಎಂದೇ ಕರೆಯುವನು. ಅವನ ಶೆಡ್ಡಿನ ಮೂಲೆಯಲ್ಲಿ ಹಳೇ ಲಾರಿಯ ಡೈನಮೋ ಒಂದು ಬಿದ್ದಿತ್ತು. ಇದನ್ನು ಲಾರಿ ಇಲ್ಲದೆ ತಿರುಗಿಸಿದರೆ ಬ್ಯಾಟರಿ ಚಾರ್ಜಾಗುತ್ತದೋ ಎಂದು ಕೇಳಿದೆ. ಕತ್ತೆ ತಿರುಗಿಸಿದರೂ ಆಗುತ್ತದೆ, ಆದರೆ ಮಿನಿಟಿಗೆ ಸಾವಿರ ಸುತ್ತು ಬೇಕು ಎಂದ. ಆಮೇಲೆ ಅದರ ಪುಲ್ಲಿ ಹಿಡಿದು ಒಂದು ಕಡೆಗೆ ತಿರುಗಿಸಿ ತೋರಿಸಿದ. "ಮಾಷೇ, ಇದು ಈ ಕಡೆ ಮಾತ್ರ ಸುತ್ತಬೇಕು, ಕೇಟ್ಟೋ. ಆ ಕಡೆ ಸುತ್ತಿದ್ರೆ ಸತ್ತ ಕಬ್ಬಿಣ."

ಮಿನಿಟಿಗೆ ಸಾವಿರ ಸುತ್ತು ತಿರುಗುವುದು ಹಂಗಳದಲ್ಲಿ ಏನಿದೆ? ಲೆಕ್ಕ ಹಾಕುತ್ತಾ ಶಾಲೆಯ ಕಡೆ ನಡೆಯುವಾಗ ಎದುರಿಗೆ ಗಾಡಿ ಬಂತು. ಗಾಲಿಯ ಎತ್ತರ ನನ್ನ ಭುಜದ ತನಕ. ಪುಲ್ಲಿ ಮೂರು ಇಂಚು. ಇವೆರಡಕ್ಕೂ ಹಗ್ಗ ಹಾಕಿದರೆ ಗಾಲಿಯ ಒಂದು ಸುತ್ತಿಗೆ ಡೈನಮೋ ಇಪ್ಪತ್ತು ಸುತ್ತು ಬರುತ್ತದೆ. ಗಾಲಿಯನ್ನು ಮಿನಿಟಿಗೆ ಐವತ್ತು ಸಲ ಕೈಯಲ್ಲೇ ತಿರುಗಿಸಬಹುದು. ಕಷ್ಟ, ಆದರೆ ಆಗದ್ದಲ್ಲ.

ಒಳ್ಳೆಯ ಗಾಡಿ ಇದ್ದದ್ದು ಶಾಲೆಯ ಹಿಂದಿನ ಮನೆಯ ಯಜಮಾನರದು. ಲಿಂಗಾಯತರು, ಶಿವಪೂಜೆ ಮಾಡದೆ ನೀರೂ ಮುಟ್ಟದವರು. ನನ್ನನ್ನು ಜಗಲಿಯ ಕೆಳಗೇ ನಿಲ್ಲಿಸಿ, ಯಾವ ಊರು, ಯಾರ ಪೈಕಿ ಎಂದು ಕೇಳಿದರು. ಹೇಳಿದೆ. ಗಾಡಿ ಯಾಕೆ ಬೇಕು ಎಂದರು. ಅದನ್ನೂ ಹೇಳಿದೆ. "ಸೋಮ್ವಾರ ಬನ್ನಿ" ಎಂದರು. ಆ ಊರುಗಳಲ್ಲಿ ಸೋಮವಾರ ಬಸವಣ್ಣನ ದಿನ, ಎತ್ತಿಗೆ ನೊಗ ಹೂಡುವುದಿಲ್ಲ. ಹಾಗಾಗಿ ಗಾಡಿಯೂ ಅಂಗಳದಲ್ಲೇ ನಿಂತಿರುತ್ತದೆ. ಆ ದಿನ ಮನುಷ್ಯರು ಗಾಲಿ ತಿರುಗಿಸಿದರೆ ತಪ್ಪಿಲ್ಲವೋ ಎಂದು ನಾನೇ ಅನುಮಾನದಿಂದ ಕೇಳಿದೆ.

"ರಜಾ ಎತ್ತಿಗೆ ಮೇಷ್ಟ್ರೇ," ಅಂದರು, "ನಮಗ್ಯಾವನು ಕೊಟ್ಟವನೆ?"

ಸೋಮವಾರ ಗಾಡಿಯ ಅಚ್ಚಿನ ಕೆಳಗೆ ಕಲ್ಲು ಕೊಟ್ಟು ಒಂದು ಗಾಲಿಯನ್ನು ನೆಲದಿಂದ ಎತ್ತಿದೆವು. ಮೆಕ್ಯಾನಿಕ್ಕನಿಂದ ಎರವಲು ತಂದಿದ್ದ ಡೈನಮೋವನ್ನು ಹಲಗೆಗೆ ಬಿಗಿದು, ಹಲಗೆಯನ್ನು ಗೂಟ ಹೊಡೆದು ನೆಲಕ್ಕೆ ಕೂರಿಸಿದೆವು. ಗಾಲಿಯ ಕಬ್ಬಿಣದ ಪಟ್ಟಿಯ ಮೇಲೆ ಹಗ್ಗ ಜಾರಿತು. ಹಳೇ ಸೈಕಲ್ ಟ್ಯೂಬು ಸೀಳಿ ಗಾಲಿಗೆ ಸುತ್ತಿದೆವು. ತೆಂಗಿನ ನಾರಿನ ಹಗ್ಗ ಪುಲ್ಲಿಯಲ್ಲಿ ಕುಪ್ಪಳಿಸಿತು. ನೂಲಿನ ಹಗ್ಗ ಹಾಕಿದೆವು. ಲಾರಿಯ ಲೈಟಿನ ಬಲ್ಬೊಂದನ್ನು ಡೈನಮೋಗೆ ಸೇರಿಸಿದೆ. ಅದು ಬೆಳಗಿದರೆ ಕರೆಂಟು ಬರುತ್ತಿದೆ ಎಂದರ್ಥ. ಎತ್ತಿಗೆ ರಜಾ ಇದ್ದ ದಿನ ಉಳುವವರಿಗೂ ಬಿಡುವು. ಅವರಲ್ಲಿ ನಾಲ್ವರು ಸರದಿಯಲ್ಲಿ ತಿರುಗಿಸಲು ಬಂದರು, ನಾನು ಐದನೆಯವನು. ಮೊದಲ ದಿನ ಬಲ್ಬು ಕೆಂಪಗೆ ಮಿಣಿಮಿಣಿ ಎಂದು, ಆಮೇಲೆ ಹಳದಿಯಾಗಿ ಹೊತ್ತಿತು. ಉಳುವವರಲ್ಲಿ ಒಬ್ಬ, "ಉತ್ತಿದ್ರೆ ರಾಗಿ ಬತ್ತಿತ್ತು, ಇಲ್ಲಿ ಬೆಳಕು ಬತ್ತದೆ" ಎಂದು ನಕ್ಕ. ಸಂಜೆಗೆ ನನ್ನ ಅಂಗೈ ತುಂಬ ಬೊಬ್ಬೆ.

ಒಂದು ಸಂಗತಿ ಇಲ್ಲೇ ಹೇಳಬೇಕು. ಹಲಗೆ ಕೂರಿಸಿದ್ದ ರೀತಿಯಿಂದಾಗಿ, ಡೈನಮೋ ಸರಿಯಾದ ದಿಕ್ಕಿಗೆ ಸುತ್ತಬೇಕೆಂದರೆ ಗಾಡಿಯ ಗಾಲಿ ಹಿಂದಕ್ಕೆ ತಿರುಗಬೇಕಿತ್ತು. ನಾನು ಪ್ರತಿ ಸೋಮವಾರ ಗಾಲಿಯ ಮೇಲೆ ಸೀಮೆಸುಣ್ಣದಲ್ಲಿ ಬಾಣದ ಗುರುತು ಹಾಕುತ್ತಿದ್ದೆ. ತಿರುಗಿಸುವವರು ಬಾಣ ನೋಡಿ ತಿರುಗಿಸುತ್ತಿದ್ದರು. ಯಾಕೆ ಆ ಕಡೆಗೇ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇವರಿಗೆ ಯಾಕೆ ಅದೆಲ್ಲ ಎಂದುಕೊಂಡಿದ್ದೆನೇನೋ. ಓದಿದವನ ಕೊಬ್ಬು. ಸೋಮವಾರದ ಪೂಜೆ, ಊಟ, ನೆಂಟರ ಮನೆ ಎಂದು ಯಜಮಾನರು ನಾವು ಕೆಲಸ ಮಾಡುವ ಹೊತ್ತಿನಲ್ಲಿ ಅಂಗಳಕ್ಕೆ ಬರುತ್ತಿದ್ದದ್ದೇ ಕಮ್ಮಿ.

ವಾರಗಳು ಉರುಳಿದವು. ರಿಜಿಸ್ಟರು ತುಂಬುತ್ತಾ ಬಂತು. ಹೆಡ್‌ಮಾಸ್ಟರ ವಾಪಸು ಕಾಗದ ಮೇಜಿನ ಮೇಲೇ ಇತ್ತು. ಹರಿದೂ ಹಾಕಲಿಲ್ಲ, ರುಜುವನ್ನೂ ಹಾಕಲಿಲ್ಲ. ಕೊನೆಗೆ ಸಾಹೇಬರು ಬರುವ ಮಂಗಳವಾರ ಗೊತ್ತಾಯಿತು. ಅದರ ಹಿಂದಿನ ದಿನವೇ, ಸೋಮವಾರ, ರಿಜಿಸ್ಟರು ತೆಗೆದುಕೊಂಡು ಚಾಮರಾಜನಗರಕ್ಕೆ ಬರಬೇಕೆಂದು ನನಗೆ ಆರ್ಡರು ಬಂತು. ಬ್ಯಾಟರಿ ಹೆಚ್ಚುಕಮ್ಮಿ ಪೂರ್ತಿ ಇಳಿದಿತ್ತು. ಉಳುವವರಿಗೆ ಹಗ್ಗ, ತಂತಿ, ಬಲ್ಬು ಒಪ್ಪಿಸಿ, ಹೊತ್ತು ಮುಳುಗುವ ತನಕ ಬಿಡಬೇಡಿ ಎಂದು ಹೇಳಿ ಬೆಳಗಿನ ಬಸ್ಸು ಹತ್ತಿದೆ. ಬಾಣ ಹಾಕಲು ಮರೆತೆ.

ಗುಮಾಸ್ತೆ ನನ್ನನ್ನು ಸಾಯಂಕಾಲದ ತನಕ ಬೆಂಚಿನ ಮೇಲೆ ಕೂರಿಸಿದ. ಗುಂಡ್ಲುಪೇಟೆಗೆ ಬರುವ ಹೊತ್ತಿಗೆ ಹಂಗಳದ ಕಡೆಯ ಕೊನೆಯ ಬಸ್ಸು ಹೋಗಿತ್ತು. ಮೆಕ್ಯಾನಿಕ್ಕನ ಶೆಡ್ಡಿನಲ್ಲಿ ಮಲಗಿ, ಮಂಗಳವಾರ ಮೊದಲ ಬಸ್ಸಿಗೆ ಹೊರಟು, ಎಂಟು ಗಂಟೆಗೆ ನೇರ ಶಾಲೆಗೆ ಹೋಗಿ ಹೈಡ್ರಾಮೀಟರು ಅದ್ದಿ ನೋಡಿದೆ. ಆಸಿಡ್ಡಿನ ಗಟ್ಟಿತನ ನೋಡಿ ಬ್ಯಾಟರಿ ಎಷ್ಟು ತುಂಬಿದೆ ಎಂದು ಹೇಳುವ ಗಾಜಿನ ನಳಿಗೆ ಅದು. ಅದರೊಳಗೆ ತೇಲಬೇಕಾದ ಬುರುಡೆ ತಳಕ್ಕೆ ಹೋಗಿ ಕೂತಿತು. ಬ್ಯಾಟರಿ ನಾನು ಬಿಟ್ಟುಹೋದಾಗ ಎಷ್ಟಿತ್ತೋ ಅಷ್ಟೇ ಇತ್ತು.

ಯಜಮಾನರ ಅಂಗಳಕ್ಕೆ ಓಡಿದೆ. ಎತ್ತುಗಳನ್ನು ಆಗಲೇ ಹೊರಗೆ ತಂದಿದ್ದರು, ಗಾಡಿಗೆ ಗೊಬ್ಬರ ತುಂಬುವ ತಯಾರಿ ನಡೆದಿತ್ತು. ಉಳುವವರಲ್ಲಿ ಒಬ್ಬ ನನ್ನ ಮುಖ ನೋಡಿಯೇ ಹೇಳತೊಡಗಿದ. ದಿನವೆಲ್ಲ ತಿರುಗಿಸಿದರಂತೆ, ಬಲ್ಬು ಹೊತ್ತಲೇ ಇಲ್ಲವಂತೆ, ಬಲ್ಬು ಸುಟ್ಟಿದೆ ಎಂದುಕೊಂಡು ನಿಲ್ಲಿಸದೆ ತಿರುಗಿಸಿದರಂತೆ. ಯಜಮಾನರೂ ಭುಜ ಕೊಟ್ಟರಂತೆ. ಯಾವ ಕಡೆಗೆ ತಿರುಗಿಸಿದಿರಿ ಎಂದೆ.

ಉತ್ತರ ಕೊಟ್ಟವರು ಯಜಮಾನರು. ಸೋಮವಾರ ಬೆಳಿಗ್ಗೆ ಗಾಡಿ ತೊಳೆದು, ಗಾಲಿಗೆ ವಿಭೂತಿ ಪಟ್ಟೆ ಬಳಿದು, ಪೂಜೆ ಮುಗಿಸಿ ಬಂದು ನೋಡುತ್ತಾರೆ, ಇವರು ಗಾಲಿಯನ್ನು ಹಿಂದಕ್ಕೆ ತಿರುಗಿಸುತ್ತಿದ್ದಾರೆ. "ಸಾವಿನ ಮನೆ ಕೆಲ್ಸ ಮೇಷ್ಟ್ರೇ, ಹಿಂದ್‌ಹಿಂದಕ್ಕೆ ಸುತ್ತೋದು. ಮನೆ ಮುಂದಿನ ಗಾಡಿ ಮುಂದಕ್ಕೇ ಓಗ್ಬೇಕು. ನಾನೇ ಮುಂದಕ್ಕೆ ತಿರುಗ್ಸಿ ಅಂದೆ. ಏನ್ ತಪ್ಪಾಯ್ತು?"

ತಪ್ಪು ಏನಾಗಿತ್ತು ಎಂದರೆ, ಡೈನಮೋ ದಿನವೆಲ್ಲ ಉಲ್ಟಾ ಸುತ್ತಿತ್ತು. ಅದರ ಒಳಗಿನ ಕಬ್ಬಿಣದಲ್ಲಿ ಅಷ್ಟಿಷ್ಟು ಅಯಸ್ಕಾಂತ ಶಕ್ತಿ ಉಳಿದಿರುತ್ತದೆ, ಕರೆಂಟು ಹುಟ್ಟುವುದು ಅದರಿಂದಲೇ. ಉಲ್ಟಾ ಸುತ್ತಿದರೆ ಹುಟ್ಟಿದ ಕರೆಂಟು ಅದನ್ನೇ ತಿಂದುಹಾಕುತ್ತದೆ. ಇದನ್ನೆಲ್ಲ ನಾನು ಪರೀಕ್ಷೆಯಲ್ಲಿ ಬರೆದು ಮಾರ್ಕು ತೆಗೆದವನು. ಐದು ಜನ ಒಂದು ದಿನ ಬೆವರು ಸುರಿಸಿದ್ದು ಮಣ್ಣುಪಾಲಾಗಿತ್ತು, ಸಾಹೇಬರು ಬರಲು ಆರು ಗಂಟೆ ಇತ್ತು, ಗಾಡಿ ಹೊಲಕ್ಕೆ ಹೊರಟಿತ್ತು.

ಬಾಯಿಗೆ ಬಂದದ್ದು ಮೌಢ್ಯ ಎಂಬ ಮಾತು. ನಾಲಿಗೆಯ ತುದಿಗೇ ಬಂದಿತ್ತು. ಆ ಮಾತು ಆಡಿದ್ದರೆ ಗಾಡಿ ಸಿಗುತ್ತಿರಲಿಲ್ಲ. ಆಡಿದ್ದರೆ ಅದು ಸುಳ್ಳೂ ಆಗುತ್ತಿತ್ತು, ಯಾಕೆಂದರೆ ಕಾರಣ ಹೇಳದೆ ಬರೀ ಬಾಣ ಬರೆದು ಕೆಲಸ ತೆಗೆದವನು ನಾನು. ಅಂಗಳದಲ್ಲಿ ಕುಕ್ಕುರುಗಾಲಲ್ಲಿ ಕೂತು ಗಾಲಿಯನ್ನೂ ಪುಲ್ಲಿಯನ್ನೂ ನೋಡಿದೆ. ಡೈನಮೋ ಕಿತ್ತು ಆ ಕಡೆ ಮುಖ ಮಾಡಿ ಕೂರಿಸಬಹುದಿತ್ತು, ಆದರೆ ಗೂಟ ಹಲಗೆ ಎಲ್ಲ ಹೊಸದಾಗಿ ನೆಡಬೇಕು, ಅರ್ಧ ದಿನ ಅದಕ್ಕೇ ಹೋಗುತ್ತದೆ. ಗಾಲಿ ಮುಂದಕ್ಕೇ ಹೋಗಬೇಕು, ಪುಲ್ಲಿ ಹಿಂದಕ್ಕೇ ಹೋಗಬೇಕು. ಆಗ ಕಂಡಿತು: ಹಗ್ಗವನ್ನು ನಡುವೆ ಒಂದು ಸಲ ಒಂದರ ಮೇಲೊಂದು ಹಾಯಿಸಿ ಕತ್ತರಿ ಹಾಕಿದರೆ ಸಾಕು. ಮೇಲಿನದು ಕೆಳಕ್ಕೆ, ಕೆಳಗಿನದು ಮೇಲಕ್ಕೆ. ಗಾಲಿ ಅದರ ದಾರಿಗೆ, ಡೈನಮೋ ಅದರ ದಾರಿಗೆ.

ಯಜಮಾನರಿಗೆ ಮಣ್ಣಿನ ಮೇಲೆ ಬೆರಳಲ್ಲಿ ಬರೆದು ತೋರಿಸಿದೆ. ಈ ಸಲ ಕಾರಣವನ್ನೂ ಹೇಳಿದೆ, ಅಯಸ್ಕಾಂತದ್ದನ್ನೂ ಸೇರಿಸಿ. ಅವರೂ ಕುಕ್ಕುರುಗಾಲಲ್ಲಿ ಕೂತು ಕೇಳಿದರು. ನಿಮ್ಮ ಗಾಡಿ ಇನ್ನು ಮೇಲೆ ಹಿಂದಕ್ಕೆ ತಿರುಗುವುದಿಲ್ಲ ಎಂದೆ. ಆದರೆ ಕತ್ತರಿ ಹಾಕಿದರೆ ಹಗ್ಗ ಮೊಳದಷ್ಟು ಸಾಲದು. ಮತ್ತೆ ಇವತ್ತು ಮಂಗಳವಾರ.

ಅವರು ಎದ್ದು ಹೋಗಿ ಎತ್ತನ್ನು ನೊಗಕ್ಕೆ ಕಟ್ಟುವ ನೂಲಿನ ಹಗ್ಗ ಬಿಚ್ಚಿದರು. ಆ ಹಗ್ಗವಿಲ್ಲದೆ ಗಾಡಿ ಹೂಡುವಂತಿಲ್ಲ. ಅದರ ಒಂದು ತುದಿ ತಾವು ಹಿಡಿದು ಇನ್ನೊಂದನ್ನು ನನ್ನ ಕೈಗೇ ಕೊಟ್ಟರು.

"ಎತ್ತಿಗೆ ಇವತ್ತೂ ಸೋಮ್ವಾರ ಅಂದ್ಕಳಿ," ಅಂದರು. "ಗಂಟು ಬಿಗಿಯಾಗಿರ್ಲಿ."

ಗಂಟು ಹಾಕಿದರೆ ಪುಲ್ಲಿಯಲ್ಲಿ ಹಾರುತ್ತದೆಂದು ನಾನು ಹೇಳಿದ ಮೇಲೆ ಅವರೇ ಎಳೆಗಳನ್ನು ಹೆಣೆದು ಜೋಡಿಸಿದರು, ಆ ಕೈಚಳಕ ಅವರದೇ. ಕತ್ತರಿಯ ಜಾಗದಲ್ಲಿ ಹಗ್ಗ ಹಗ್ಗಕ್ಕೆ ಉಜ್ಜಬಾರದೆಂದು ನಡುವೆ ಒಂದು ನುಣ್ಣನೆಯ ಗೂಟ ನಿಲ್ಲಿಸಿದೆ. ಇನ್ನು ಸತ್ತ ಡೈನಮೋಗೆ ಜೀವ ಬರಿಸಬೇಕು. ಬ್ಯಾಟರಿಯಲ್ಲಿ ಉಳಿದಿದ್ದ ಚೂರುಪಾರು ಕರೆಂಟನ್ನೇ ಒಂದು ತಂತಿಯಿಂದ ಅದರ ಒಳಸುತ್ತಿಗೆ ಮುಟ್ಟಿಸಿ ತೆಗೆಯಬೇಕು. ಹಾಗೆ ಮಾಡಿದ್ದನ್ನು ಮೆಕ್ಯಾನಿಕ್ಕನ ಶೆಡ್ಡಿನಲ್ಲಿ ಒಮ್ಮೆ ನೋಡಿದ್ದೆ, ನಾನು ಮಾಡಿರಲಿಲ್ಲ. ಹೆಚ್ಚು ಹೊತ್ತು ಹಿಡಿದರೆ ಇರುವ ಕರೆಂಟೂ ಹೋಗುತ್ತದೆ. ಒಂದು ಸಲ ಮುಟ್ಟಿಸಿದೆ, ಕಿಡಿ ಬರಲಿಲ್ಲ. ತಂತಿಯ ತುದಿಯನ್ನು ಕಲ್ಲಿಗೆ ಉಜ್ಜಿ ಮತ್ತೆ ಮುಟ್ಟಿಸಿದೆ. ನೀಲಿ ಕಿಡಿ ಚಟ್ ಎಂದಿತು. ತಿರುಗಿಸಿ ಎಂದೆ.

ಗಾಲಿ ಮುಂದಕ್ಕೆ ಹೊರಟಿತು. ಹತ್ತು ಸುತ್ತು, ಇಪ್ಪತ್ತು ಸುತ್ತು, ಬಲ್ಬು ಕಪ್ಪಗೇ ಇತ್ತು. ಉಳುವವರ ಉಸಿರು, ಅಚ್ಚಿನ ಕಿರಗುಟ್ಟುವಿಕೆ, ಇಷ್ಟೇ. ಮೂವತ್ತನೇ ಸುತ್ತಿನ ಹೊತ್ತಿಗೆ ಬಲ್ಬಿನೊಳಗಿನ ತಂತಿ ಕೆಂಪಗಾಯಿತು.

ಒಂಬತ್ತೂವರೆಯಿಂದ ಒಂದೂವರೆಯ ತನಕ ತಿರುಗಿಸಿದೆವು. ಕತ್ತರಿ ಹಾಕಿದ ಮೇಲೆ ಹಗ್ಗ ಪುಲ್ಲಿಯನ್ನು ಮೊದಲಿಗಿಂತ ಹೆಚ್ಚು ಸುತ್ತಿ ಹಿಡಿಯುತ್ತಿತ್ತು, ಜಾರುವುದು ನಿಂತುಹೋಯಿತು. ಇದನ್ನು ಮೊದಲೇ ಮಾಡಬೇಕಿತ್ತು ಎಂದು ಆಗ ಹೊಳೆಯಿತು. ಹೆಡ್‌ಮಾಸ್ಟರು ಎರಡು ಸಲ ಬಂದು ನೋಡಿ ಹೋದರು. ಮೂರನೇ ಸಲ ಬಂದವರು ಕೋಟು ಬಿಚ್ಚಿ ಗಾಡಿಯ ಮೂಕಿಗೆ ಹಾಕಿ, ಒಂದು ಸರದಿ ತಿರುಗಿಸಿದರು. ಕೆಮ್ಮುತ್ತಾ ಹೋದರು. ಹೈಡ್ರಾಮೀಟರಿನಲ್ಲಿ ಬುರುಡೆ ಅರ್ಧಕ್ಕೂ ಏರಿರಲಿಲ್ಲ. ಸೆಟ್ಟಿನ ಮುಂದಿನ ಗಾಜಿಗೆ ಬೆಳಕು ಕೊಡುವ ಸಣ್ಣ ಬಲ್ಬನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಅಷ್ಟು ಕರೆಂಟು ಉಳಿದರೆ ಅಷ್ಟೇ ಆಯಿತು.

ಜೀಪು ಎರಡು ಗಂಟೆಗೆ ಬಂತು. ಸಾಹೇಬರು ಸಣ್ಣ ಆಳು, ಮಾತು ಕಮ್ಮಿ. ಕೊನೆಯ ಬೆಂಚಿನಲ್ಲಿ ಹುಡುಗಿಯರ ಪಕ್ಕದಲ್ಲಿ ಕೂತರು. ಎರಡೂವರೆಗೆ ಮೂರು ಮಿನಿಟಿರುವಾಗ ಸ್ವಿಚ್ಚು ಹಾಕಿದೆ. ಗಾಜು ಕತ್ತಲಾಗಿಯೇ ಇತ್ತು. ಪೆಟ್ಟಿಗೆ ಕೆಟ್ಟಿದೆಯೋ ಎಂದು ಸಾಹೇಬರು ಕೇಳುವಷ್ಟರಲ್ಲಿ ಒಳಗಿನಿಂದ ಜೇನು ಹುಳುವಿನಂಥ ಗುಂಯ್ ಸದ್ದು ಬಂತು, ಅದರ ಹಿಂದೆಯೇ ದನಿ. ಅಂದಿನ ಪಾಠ ಮೋಡ ಹೇಗಾಗುತ್ತದೆ ಎಂಬುದರ ಬಗ್ಗೆ.

ಆ ಅರ್ಧ ಗಂಟೆ ನಾನು ಪಾಠ ಕೇಳಲಿಲ್ಲ, ದನಿಯ ಎತ್ತರ ಮಾತ್ರ ಕೇಳಿದೆ. ಇಪ್ಪತ್ತೈದನೇ ಮಿನಿಟಿಗೆ ಅದು ಇಳಿಯತೊಡಗಿತು. ವಾಲ್ಯೂಮು ತಿರುಗಿಸಿದರೂ ಏರಲಿಲ್ಲ. ಮಕ್ಕಳು ಬೆಂಚು ಬಿಟ್ಟೆದ್ದು, ಸದ್ದಿಲ್ಲದೆ, ಒಬ್ಬರ ಹಿಂದೆ ಒಬ್ಬರು ಬಂದು ಪೆಟ್ಟಿಗೆಯ ಸುತ್ತ ಕೂತರು. ನಾನು ಹೇಳಿಕೊಟ್ಟದ್ದಲ್ಲ. ಸಾಹೇಬರೂ ಎದ್ದು ಬಂದು ಬಗ್ಗಿ ನಿಂತರು. ದನಿ ಪಿಸುಮಾತಾಯಿತು. ಪಾಠ ಮುಗಿದ ಗಂಟೆ ಕೇಳಿಸಿತೋ ಇಲ್ಲವೋ ಅನ್ನುವಷ್ಟರಲ್ಲಿ ಗುಂಯ್ ಎಂಬುದೂ ನಿಂತಿತು.

ಸಾಹೇಬರು ಆರು ಪ್ರಶ್ನೆ ಕೇಳಿದರು. ಐದಕ್ಕೆ ಉತ್ತರ ಬಂತು. ಆರನೆಯದು ಆ ಪಿಸುಮಾತಿನಲ್ಲಿ ಹೋದದ್ದು. ಆಮೇಲೆ ಕರೆಂಟು ಎಲ್ಲಿಂದ ತರುತ್ತೀರಿ ಎಂದು ಕೇಳಿದರು. ಅಂಗಳಕ್ಕೆ ಕರೆದುಕೊಂಡು ಹೋದೆ. ಹಗ್ಗ ಮುಟ್ಟಿ ನೋಡಿ, ಕತ್ತರಿ ಯಾಕೆ ಹಾಕಿದ್ದೀರಿ ಎಂದರು. ಹಿಡಿತ ಹೆಚ್ಚುತ್ತದೆ ಎನ್ನಲು ನಾನು ಬಾಯಿ ತೆರೆಯುವ ಮೊದಲೇ ಯಜಮಾನರು, "ಗಾಡಿ ಮುಂದಕ್ಕೇ ಓಗ್ಬೇಕಲ್ರಾ ಬುದ್ಧಿ, ಅದ್ಕೇ" ಅಂದರು. ಎರಡೂ ನಿಜವೇ. ಸಾಹೇಬರು ಡೈರಿಯಲ್ಲಿ ಆ ಹಗ್ಗದ ಚಿತ್ರ ಬರೆದುಕೊಂಡರು.

ಒಂದೂವರೆ ತಿಂಗಳು ಏನೂ ತಿಳಿಯಲಿಲ್ಲ. ಸೋಮವಾರಗಳು ಮಾತ್ರ ನಡೆದವು. ಆಮೇಲೆ ಚಾಮರಾಜನಗರದಲ್ಲಿ ಮೇಷ್ಟ್ರುಗಳ ಸಭೆಗೆ ಬರಬೇಕೆಂದು ಕಾಗದ ಬಂತು. ಹರದನಹಳ್ಳಿಯಿಂದ ಅಪ್ಪ ನಡೆದುಕೊಂಡು ಬಂದು, ಒಳಗೆ ಬರಲು ಒಪ್ಪದೆ, ಸಭೆಯ ಬಾಗಿಲಲ್ಲಿ ನಿಂತಿದ್ದ. ನಮ್ಮ ಶಾಲೆಯ ಹೆಸರು ಕೂಗಿದಾಗ ಹೆಡ್‌ಮಾಸ್ಟರು ಏಳಲಿಲ್ಲ; "ನೀವು ಹೋಗಿ" ಎಂದು ನನ್ನ ಬೆನ್ನು ತಳ್ಳಿದರು. ಸರ್ಟಿಫಿಕೇಟು ಕೊಟ್ಟ ಸಾಹೇಬರ ಪಕ್ಕದಲ್ಲೇ ಗುಮಾಸ್ತೆ ನಿಂತು ಹೆಸರು ಓದುತ್ತಿದ್ದ. ಸೆಟ್ಟು ಹಂಗಳದ ಶಾಲೆಗೆ ಕಾಯಂ ಎಂದು ಅವನ ಬಾಯಿಂದಲೇ ಬಂತು.

ಹೊರಗೆ ಬಂದು ಅದನ್ನು ಅಪ್ಪನ ಕೈಗೆ ಕೊಟ್ಟೆ. ಪಂಚೆಗೆ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಹಿಡಿದ. ಓದಲು ಬಾರದಿದ್ದರೂ ಮೇಲಿನಿಂದ ಕೆಳಗಿನ ತನಕ ನೋಡಿದ. ಎತ್ತಿಗೆ ರಜಾ ಕೊಟ್ಟು ಮನುಷ್ಯರ ಕೈಯಲ್ಲಿ ಗಾಡಿ ತಿರುಗಿಸಿದ್ದು ಅವನ ಕಿವಿಗೂ ಬಿದ್ದಿತ್ತು. ನೀನೂ ತಿರುಗಿಸಿದೆಯಾ ಎಂದು ಕೇಳಿದ. ಹೂಂ ಎಂದೆ. ಸರ್ಟಿಫಿಕೇಟನ್ನು ಕಂಕುಳಲ್ಲಿ ಇಟ್ಟುಕೊಂಡು, ಎಲ್ಲಿ ತೋರಿಸು ಎಂದ. ನಾನು ಅಂಗೈ ಚಾಚಿದೆ. ಬೊಬ್ಬೆ ಒಡೆದ ಜಾಗವೆಲ್ಲ ಜಡ್ಡುಗಟ್ಟಿತ್ತು. ಹೆಬ್ಬೆರಳಿನಿಂದ ಒಂದೊಂದನ್ನೂ ಒತ್ತಿ ನೋಡಿದ.

"ಸದ್ಯ ಕಣ್ಲಾ," ಅಂದ. "ಬಿ.ಎಸ್ಸಿ. ಮಾಡ್ಬುಟ್ಟು ಕೈ ಮೆತ್ತಗಾಗೋಯ್ತು ಅಂದ್ಕಂಡಿದ್ದೆ."